ರೊಟ್ಟಿ ನೆನೆಸಿದ ನದಿಯವರಿಗೆ

ಮರುಭೂಮಿಯ ಕಣಿವೆಯಲ್ಲಿ ಸುಖವಾಗಿ ಹರಿಯುತ್ತಿರುವ ನದಿಯವರ ಸನ್ನಿಧಾನಕ್ಕೆ, ಕುವೈತಿನ ಅಬ್ಬಾಸಿಯಾದ ಬಾಡಿಗೆದಾರ ಧನರಾಜನ ಒದ್ದೆ ನಮಸ್ಕಾರಗಳು.

ಮಾನ್ಯರೇ,

ಹೆಸರಿಗೊಂದು ನದಿಯೂ ಇಲ್ಲದ ಕುವೈತಿನಿಂದ ಈದ್ ರಜೆಯಲ್ಲಿ ವಿಮಾನ ಹತ್ತಿ, ರಬ್ಬರ್ ದೋಣಿಯಲ್ಲಿ ತಮ್ಮ ಮೇಲೆ ತೇಲಲು ನಾವು ಮೂವರು ಬಂದದ್ದನ್ನು ತಾವು ಮರೆತಿರಲಾರಿರಿ. ನನ್ನ ಮಗಳು ಅನ್ವಿತಾಳಿಗೆ ಮನೆಮಾತು ತುಳು ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಬಾಯಿಂದ ನಮ್ಮ ಭಾಷೆಯ ಒಂದೇ ಒಂದು ಮಾತು ಕೇಳಬೇಕೆಂದು ನಾನು ಬೈದು, ಬೇಡಿ, ಐಸ್‌ಕ್ರೀಮಿನ ಲಂಚವನ್ನೂ ಕೊಟ್ಟು ಸೋತವನು. ಹೊಳೆ ಕಂಡರಾದರೂ ನಾಲಿಗೆ ಸಡಿಲವಾದೀತೆಂದು ತಮ್ಮಲ್ಲಿಗೆ ಕರೆತಂದೆ.

ಹೆಂಡತಿ ಉಮಾವತಿ ತಂಗಿದ್ದ ಕೋಣೆಯಲ್ಲಿ ಬೆಳಿಗ್ಗೆಯೇ ಬೇಯಿಸಿದ ಕೋಳಿ ಸಾರಿನ ಡಬ್ಬಿಯನ್ನೂ ಊರಿಂದ ತರಿಸಿದ ಅಕ್ಕಿಯ ಒಣ ರೊಟ್ಟಿಯ ಕಟ್ಟನ್ನೂ ಮಡಿಲಲ್ಲಿಟ್ಟುಕೊಂಡು ದೋಣಿಯಲ್ಲಿ ಕೂತಿದ್ದಳು. ಸಾರು ಬೀಳುವ ತನಕ ಗರಿಗರಿಯಾಗಿರುವುದೇ ಕೋರಿ ರೊಟ್ಟಿಯ ಧರ್ಮ. ಸುರಿಯುವ ಶ್ರಮ ಈ ಬಡಪಾಯಿಗಳಿಗೇಕೆಂದು ತಾವು ಬಂಡೆಯ ತಿರುವಿನಲ್ಲಿ ಸ್ವತಃ ಎದ್ದುಬಂದು ಅದರ ಮೇಲೆ ತಣ್ಣೀರು ಸುರಿದಿರಿ. ಆಹಾ, ಎಂಥ ಅತಿಥಿ ಸತ್ಕಾರ! ಅದೇ ಅಲೆಯಲ್ಲಿ ನನ್ನನ್ನೂ ನೀರಿಗೆಳೆದುಕೊಂಡಿರಿ. ಹೊಳೆ ಬದಿಯಲ್ಲೇ ಹುಟ್ಟಿ ಬೆಳೆದವನೆಂದು ದಾರಿಯುದ್ದಕ್ಕೂ ಬಡಾಯಿ ಕೊಚ್ಚಿದ್ದ ನನ್ನ ಮರ್ಯಾದೆ ಲೈಫ್ ಜಾಕೆಟ್ ಸಮೇತ ತೇಲಿಹೋಯಿತು. ದೋಣಿ ನಡೆಸುವಾತ "ಯಲ್ಲಾ, ಯಲ್ಲಾ" ಎಂದು ಅರಬಿಯಲ್ಲಿ ಅವಸರಿಸುತ್ತ ಹುಟ್ಟು ಚಾಚಿದ.

ಆಗ ಅನ್ವಿತಾ ಕಿರುಚಿದಳು. ಇಂಗ್ಲಿಷಲ್ಲ ಸ್ವಾಮೀ, ಅಚ್ಚ ತುಳು! "ಅಯ್ಯೋ ಅಮ್ಮಾ, ರೊಟ್ಟಿ ಪೂರಾ ಚಂಡಿ ಆಂಡ್!"

ರೊಟ್ಟಿಯೆಲ್ಲ ಒದ್ದೆಯಾಯಿತಂತೆ. ಅಪ್ಪ ಒದ್ದೆಯಾದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಆದರೂ ಮೂಗಿಗೆ ನೀರು ಹೋಗುತ್ತಿದ್ದ ಆ ಹೊತ್ತಿನಲ್ಲೇ ನನಗೆ ಸಂತೋಷದಿಂದ ಅಳು ಬಂತು, ತಮ್ಮಾಣೆಗೂ ಸತ್ಯ. ತಮ್ಮ ನೀರಿನ ಮಧ್ಯೆ ಇದ್ದುದರಿಂದ ಅದು ಯಾರಿಗೂ ಗೊತ್ತಾಗಲಿಲ್ಲ.

ಆದಕಾರಣ ತಾವು ದಯಮಾಡಿ ಕುವೈತಿಗೆ ವರ್ಗವಾಗಿ ಬಂದು, ನಮ್ಮ ಮನೆಯಿಂದ ಮಗಳ ಶಾಲೆಯವರೆಗೆ ದಿನಕ್ಕೊಮ್ಮೆಯಾದರೂ ಉಕ್ಕಿ ಹರಿಯಬೇಕಾಗಿ ವಿನಂತಿ. ಅಲ್ಲಿ ವಾಸಿಸಲು ಬೇಕಾದ ತಮ್ಮ ಇಕಾಮಾಕ್ಕೆ ಜಾಮೀನು ನಿಲ್ಲುವ ಒಳ್ಳೆಯ ಕಫೀಲನನ್ನು ಹುಡುಕುವ ಜವಾಬ್ದಾರಿ ನನ್ನದು.

ಕಿವಿಯಿಂದ ಇನ್ನೂ ನೀರಿಳಿಯದ,
ತಮ್ಮ ವಿಶ್ವಾಸಿ,
ಧನರಾಜ್

ವಿ.ಸೂ.: ದಡ ಸೇರಿದೊಡನೆ ಮಗಳು ಓಡಿಬಂದು, "ಡ್ಯಾಡ್, ಆರ್ ಯೂ ಓಕೆ?" ಎಂದು ಕೇಳಿದಳು. ನಾನಿನ್ನೂ ಉತ್ತರ ಕೊಟ್ಟಿಲ್ಲ. ರೊಟ್ಟಿಯನ್ನು ವಿಚಾರಿಸಿದ ಭಾಷೆಯಲ್ಲಿ ನನ್ನನ್ನೂ ಒಮ್ಮೆ ವಿಚಾರಿಸುವ ತನಕ ನಾನು ಓಕೆ ಇಲ್ಲ.