ಮುದ್ದೆಯೊಳಗೆ ಸೂರ್ಯವಂಶ

ಪನಮರಂ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಇಪ್ಪತ್ತೇಳು ವರ್ಷಗಳಿಂದ ವಾಚ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ರವಿಕುಮಾರನೆಂಬ ನಾನು, ಕಳೆದ ಜುಲೈ ತಿಂಗಳ ಒಂದು ಗುರುವಾರ ಸಂಜೆ ನಡುಮನೆಯಲ್ಲಿ ನಿಂತು ಹೆಂಡತಿಯ ಮುಂದೆ ಒಂದು ಘೋಷಣೆ ಮಾಡಿದೆ.

"ಚಂದನಾ, ಕೇಳು! ನಾಳೆ ಸಂಜೆಯೊಳಗೆ ಈ ನಾಣ್ಯದ ಊರು, ಕುಲ, ಗೋತ್ರ ಎಲ್ಲಾ ಪತ್ತೆ ಮಾಡ್ತೀನಿ. ಯಾರನ್ನೂ ಕೇಳೋದಿಲ್ಲ. ಈ ಬಲಗಣ್ಣು ಸಾಮಾನ್ಯ ಕಣ್ಣಲ್ಲ!"

"ಗೊತ್ತು," ಎಂದಳು ಚಂದನಾ ಸೊಪ್ಪು ಬಿಡಿಸುತ್ತಾ. "ಮೊನ್ನೆ ಸಕ್ಕರೆ ಅಂತ ಟೀಗೆ ಉಪ್ಪು ಹಾಕಿದ್ದು ಇದೇ ಕಣ್ಣಲ್ವಾ?"

ನಮ್ಮ ತಾತ ಹೆಗ್ಗಡದೇವನಕೋಟೆ ಕಡೆಯಿಂದ ಕಬಿನಿ ದಾಟಿ ಕೇರಳದ ಈ ಊರಿಗೆ ಬಂದು ನೆಲೆನಿಂತವರು. ಅಂದಿನಿಂದ ನಮಗೆ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳಂ, ಹೆಂಡತಿ ಬೈಯುವಾಗ ಎರಡೂ! ಹಾಗಾಗಿ ಅವಳ ಮಾತನ್ನು ಎರಡು ಭಾಷೆಯಲ್ಲೂ ಕೇಳಿಸಿಕೊಳ್ಳದೆ ಬಿಡುವ ವಿದ್ಯೆ ನನಗೆ ಕರಗತ.

ನಾಣ್ಯ ತಂದುಕೊಟ್ಟವರು ನಮ್ಮ ಬೀದಿಯ ಕೊನೆಯ ಮನೆಯ ರೀನ ಟೀಚರ್. ಅವರ ತಂದೆ, ನಾವೆಲ್ಲ ಅಪ್ಪಚ್ಚನ್ ಎನ್ನುತ್ತಿದ್ದವರು, ಮೂವತ್ತು ವರ್ಷ ಸರಕಿನ ಹಡಗುಗಳಲ್ಲಿ ಅಡುಗೆ ಮಾಡಿ ಊರಿಗೆ ಮರಳಿದ್ದವರು. ಎರಡು ತಿಂಗಳ ಹಿಂದೆ ತೀರಿಕೊಂಡರು. ಕೊನೆಯ ದಿನದವರೆಗೂ ಅಂಗಿಯ ಜೇಬಿನಲ್ಲಿ ಒಂದು ಬೆಳ್ಳಿ ಬಿಲ್ಲೆ ಇಟ್ಟುಕೊಂಡಿದ್ದರಂತೆ. ಅದು ಏನು, ಎಲ್ಲಿಯದು, ಮಕ್ಕಳಿಗೆ ಗೊತ್ತಿಲ್ಲ.

"ಶಿಬುಗೆ ಮೊಮ್ಮಗಳು ಹುಟ್ಟಿದ್ದಾಳಲ್ಲ ಚೇಟ್ಟಾ," ಎಂದರು ಟೀಚರ್. ಚೇಟ್ಟಾ ಅಂದರೆ ಅಣ್ಣ, ಹಾಗೆ ಕರೆಯುವುದು ನನ್ನನ್ನು; ಶಿಬು ಅವರ ಸ್ವಂತ ಅಣ್ಣ. "ಇದನ್ನ ಕರಗಿಸಿ ಮಗುಗೆ ಉಡಿದಾರ ಮಾಡಿಸ್ತೀನಿ ಅಂತಾನೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ತಟ್ಟಾನ್ ನಮ್ಮ ಮನೆಗೇ ಬರ್ತಾನಂತೆ. ಏನು ಅಂತ ತಿಳೀದೆ ಕರಗಿಸೋಕೆ ನನಗೆ ಮನಸ್ಸು ಬರ್ತಿಲ್ಲ. ನೀವು ನೋಡಿ ಹೇಳಿದ್ರೆ ಶಿಬುಗೆ ಏನಾದ್ರೂ ಹೇಳಬಹುದು."

ತಟ್ಟಾನ್ ಅಂದರೆ ಅಕ್ಕಸಾಲಿ. ಒಮ್ಮೆ ಅವನ ಮೂಸೆಗೆ ಬಿದ್ದರೆ ಅಪ್ಪಚ್ಚನ್‌ನ ಗುಟ್ಟು ಅಲ್ಲಿಗೆ ನೀರಾಯಿತು! ಟೀಚರ್‌ನ ಕಣ್ಣಲ್ಲಿ ನೀರಾಡುತ್ತಿತ್ತು. ಇಡೀ ಪನಮರಂನಲ್ಲಿ ಅವರು ನಂಬಿ ಬಂದದ್ದು ನನ್ನನ್ನು. ಎದೆ ಉಬ್ಬಿತು.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತೆ. ಬಿಲ್ಲೆ ನಮ್ಮ ಒಂದು ರೂಪಾಯಿಗಿಂತ ಚಿಕ್ಕದು, ಆದರೆ ಎರಡರಷ್ಟು ದಪ್ಪ. ಅಂಚು ಓರೆಕೋರೆ. ಒಂದು ಬದಿಯಲ್ಲಿ ರೆಕ್ಕೆ ಮಡಚಿ ನಿಂತ ಹಕ್ಕಿ.

"ಗರುಡ!" ಎಂದೆ.

"ಕೋಳಿ ಇದ್ದಂಗಿದೆ," ಎಂದಳು ಚಂದನಾ.

ತಿರುಗಿಸಿದೆ. ಮೈ ಝುಮ್ಮೆಂದಿತು! ನಡುವೆ ದುಂಡನೆಯ ದೇಹ, ಸುತ್ತಲೂ ಹರಡಿದ ಕೈಗಳು. ಎಣಿಸಿದೆ. ಹತ್ತು!

"ದೇವಿ! ಹತ್ತು ಕೈಯ ದೇವಿ! ಮೇಲಿನ ಎರಡು ಕೈಯಲ್ಲಿ ಆಯುಧ ಬೇರೆ!" ನಾನು ಚಪ್ಪಲಿ ಬಿಟ್ಟು ಕೈಮುಗಿದೆ.

ಚಂದನಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು. ಭೂತಗನ್ನಡಿ ಇಲ್ಲ, ಕನ್ನಡಕವೂ ಇಲ್ಲ. ಒಂದು ಸಲ ನೋಡಿದಳು.

"ಏಡಿ."

"ಏನು?"

"ಏಡಿ ಕಣ್ರೀ. ಎಂಟು ಕಾಲು, ನಿಮ್ಮ ಅಂಗಡಿ ಚಿಮಟದ ಹಾಗೆ ಎರಡು ಕೈ. ದೇವಿಗೆ ಮುಖ ಬೇಡ್ವಾ?"

ನೋಡಿದೆ. ಏಡಿಯೇ! ಅದೂ ಏಡಿಯ ಹೆಸರಿನದೇ ಆದ ಈ ಕರ್ಕಿಡಕ ತಿಂಗಳಲ್ಲಿ ಏಡಿಯೇ ನನ್ನ ಮಾನ ತೆಗೆಯಬೇಕೆ! ಮೆಲ್ಲಗೆ ಚಪ್ಪಲಿ ಹಾಕಿಕೊಂಡೆ.

ಚಂದನಾ ಫೋನಿನಲ್ಲಿ ಎರಡೂ ಬದಿಯ ಚಿತ್ರ ತೆಗೆದುಕೊಂಡಳು. "ನಿಮಿಷಂಗೆ ಕಳಿಸಲಾ?" ನಿಮಿಷ ನನ್ನ ತಂಗಿಯ ಮಗಳು, ಕೋಳಿಕೋಡಿನಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದಾಳೆ.

"ಬೇಡ! ಆ ಪುಟ್ಟ ಹುಡುಗಿ ಹತ್ರ ಕೇಳಿ ತಿಳ್ಕೊಳ್ಳೋ ಗತಿ ನನಗೆ ಬಂದಿಲ್ಲ. ಇಲ್ನೋಡು, ಹಕ್ಕಿಯ ಪಕ್ಕ ಅಕ್ಷರ ಇದೆ. ಇಂಗ್ಲಿಷಿನ ಎ ಇದ್ದಂಗಿದೆ, ಆಮೇಲೆ ಕೆ. ಉಳಿದದ್ದು ಸವೆದಿದೆ. ಎ.ಕೆ.!"

"ಎ.ಕೆ. ಅಂದ್ರೆ ಆಲ್ ಕೇರಳ ಇರಬೇಕು. ಆಲ್ ಕೇರಳ ಏಡಿ ಹಿಡಿಯುವವರ ಸಂಘ."

ಆ ರಾತ್ರಿ ನಾನು ಅವಳೊಡನೆ ಮಾತಾಡದೆ ಮಲಗಿದೆ. ಅದು ಅವಳಿಗೆ ಗೊತ್ತಾಗಲಿಲ್ಲ ಎಂಬುದು ಬೇರೆ ಮಾತು.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ತಟ್ಟೆಯಲ್ಲಿ ಹೊಗೆಯಾಡುವ ರಾಗಿಮುದ್ದೆ, ಪಕ್ಕದಲ್ಲಿ ಬಸ್ಸಾರು. ಮುದ್ದೆಯ ನುಣುಪಾದ ಕಪ್ಪು ಮೈಯನ್ನು ನೋಡುತ್ತಿದ್ದಂತೆ ತಲೆಯಲ್ಲಿ ಮಿಂಚು ಹೊಡೆಯಿತು. ಸವೆದ ಅಕ್ಷರವನ್ನು ಮೇಣದ ಮೇಲೆ ಒತ್ತಿದರೆ ಎದ್ದು ಕಾಣುತ್ತದೆ ಎಂದು ಎಲ್ಲೋ ಕೇಳಿದ್ದೆ. ಮೇಣವೇಕೆ? ನಮ್ಮ ಮುದ್ದೆ ಯಾವ ಮೇಣಕ್ಕೆ ಕಡಿಮೆ!

ಜೇಬಿನಿಂದ ನಾಣ್ಯ ತೆಗೆದು ತೊಳೆದು ಒತ್ತಿದೆ. ಎತ್ತಿ ನೋಡಿದರೆ, ಅಬ್ಬಾ! ನಾಲ್ಕು ಅಕ್ಷರ ಮುದ್ದೆಯ ಮೇಲೆ ಸ್ಪಷ್ಟವಾಗಿ ಮೂಡಿದ್ದವು. ಎಡದಿಂದ ಬಲಕ್ಕೆ ಓದಿದೆ. ಎ, ಆರ್, ಕೆ, ಎ.

"ಅರ್ಕ!" ಎಂದು ಕೂಗಿದೆ. "ಚಂದನಾ, ಅರ್ಕ! ಅರ್ಕ ಅಂದ್ರೆ ಸೂರ್ಯ! ಇದು ಸೂರ್ಯವಂಶದ ನಾಣ್ಯ!"

ಆರ್ ಮತ್ತು ಕೆ ಯಾಕೋ ಬೆನ್ನು ತಿರುಗಿಸಿ ನಿಂತಂತೆ ಕಂಡವು. ರಾಜರ ಕಾಲದ ಶೈಲಿ ಎಂದುಕೊಂಡೆ. ಇನ್ನೊಂದು ಮುದ್ರೆ ಇರಲಿ ಎಂದು ಮತ್ತೆ ಜೋರಾಗಿ ಒತ್ತಿದೆ. ಮೆತ್ತನೆಯ ಬಿಸಿ ಮುದ್ದೆ, ನಾಣ್ಯ ಪೂರ್ತಿ ಒಳಗಿಳಿದು ಮೇಲೆ ಮುಚ್ಚಿಕೊಂಡಿತು. ತೆಗೆಯಬೇಕು ಎನ್ನುವಷ್ಟರಲ್ಲಿ ಚಂದನಾ ಸೌಟು ಹಿಡಿದು ವಾದಕ್ಕೆ ನಿಂತಳು.

"ಸೂರ್ಯವಂಶದ ರಾಜರು ಇಂಗ್ಲಿಷಲ್ಲಿ ಬರೀತಿದ್ರಾ?"

"ಅದು ಇಂಗ್ಲಿಷ್ ಥರ ಕಾಣುತ್ತೆ ಅಷ್ಟೇ!"

"ಸೂರ್ಯವಂಶಕ್ಕೆ ಏಡಿ ಯಾಕೆ?"

"ಏಡಿ ಅಂದ್ರೆ ಕರ್ಕಾಟಕ. ಸೂರ್ಯ ಕರ್ಕಾಟಕ ರಾಶಿಗೆ ಬಂದಾಗ ಹೊಡೆಸಿದ ನಾಣ್ಯ! ಈಗ ಅರ್ಥ ಆಯ್ತಾ? ಎಲ್ಲಾ ತಾಳೆ ಆಯ್ತಾ?"

ಹೀಗೆ ಸೂರ್ಯವಂಶದ ಪರವಾಗಿ ನಾನು ಘನವಾಗಿ ವಾದಿಸುತ್ತಿದ್ದರೆ, ನನ್ನ ಬಲಗೈ ಐವತ್ತು ವರ್ಷದ ಅಭ್ಯಾಸದಂತೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಮುರಿಯುವುದು, ಉಂಡೆ ಮಾಡುವುದು, ಸಾರಲ್ಲಿ ಹೊರಳಿಸುವುದು, ಗುಳುಂ. ಮುದ್ದೆ ಅಗಿಯುವುದು ನಮ್ಮ ಮನೆತನಕ್ಕೇ ಅವಮಾನ. ಗಂಟಲಲ್ಲಿ ಒಂದು ತುತ್ತು ಸ್ವಲ್ಪ ಗಟ್ಟಿಯಾಗಿ ಇಳಿದಂತೆ ಅನಿಸಿತು. ಮುದ್ದೆಯಲ್ಲಿ ಗಂಟು ಉಳಿದಿದೆ, ಇದನ್ನು ಇಟ್ಟುಕೊಂಡು ಆಮೇಲೆ ಇವಳನ್ನು ಹಂಗಿಸಬಹುದು ಎಂದು ಮನಸ್ಸಿನಲ್ಲೇ ಖುಷಿಪಟ್ಟೆ!

ತಟ್ಟೆ ಖಾಲಿಯಾಯಿತು. ಚಂದನಾ ತಟ್ಟೆಯನ್ನು ನೋಡಿದಳು. ನನ್ನನ್ನು ನೋಡಿದಳು.

"ರೀ, ನಾಣ್ಯ ಎಲ್ಲಿ?"

ಮುಂದಿನ ಅರ್ಧ ಗಂಟೆಯನ್ನು ನಾನು ವರ್ಣಿಸಲಾರೆ. ನಾನು ಟೀಚರ್‌ನ ಕಣ್ಣೀರನ್ನು ನೆನೆದು ಬೆವರಿದೆ. ಸತ್ತವರ ಜೇಬಿನಲ್ಲಿದ್ದ ಒಂದೇ ಒಂದು ವಸ್ತು, ನನ್ನ ಬಸ್ಸಾರಿನ ಜೊತೆ ಈಜುತ್ತಿತ್ತು! ಅಷ್ಟು ಹೊತ್ತು ನಗುತ್ತಿದ್ದ ಚಂದನಾಳೂ ಮುಖ ಬಿಳಿಚಿಕೊಂಡು ಆಟೋ ಕರೆದಳು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. "ನೋವಿದ್ಯಾ? ಚುಚ್ತಿದ್ಯಾ?" ಎಂದು ಹತ್ತು ಸಲ ಕೇಳಿದಳು. ಸುಳ್ಳೇಕೆ ಹೇಳಲಿ, ಆ ಹೊತ್ತಿಗೆ ಸ್ವಲ್ಪ ಹಿತವಾಗಿಯೇ ಇತ್ತು.

ಆಸ್ಪತ್ರೆಯಲ್ಲಿ ಅಮೃತಾ ಎಂಬ ಎಳೆಯ ಡಾಕ್ಟರು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ನನ್ನ ಹೊಟ್ಟೆಯ ನಡುವೆ ಹುಣ್ಣಿಮೆ ಚಂದ್ರನಂತೆ ಒಂದು ಬಿಳಿ ಬಿಲ್ಲೆ!

"ಯಾವ ನಾಣ್ಯ? ಒಂದು ರೂಪಾಯಿದಾ?"

"ಛೆ! ಸೂರ್ಯವಂಶದ್ದು ಡಾಕ್ಟ್ರೇ."

"ಯಾವ ವಂಶದ್ದಾದ್ರೂ ಬರೋ ದಾರಿ ಒಂದೇ," ಎಂದರು ಅವರು, ಚೀಟಿ ಬರೆಯುತ್ತಾ. "ಹೊಟ್ಟೆಗೆ ಇಳಿದಾಗಿದೆ, ಭಯ ಬೇಡ. ಎರಡು ಮೂರು ದಿನ ಕಾಯಿರಿ. ನೋವು ಬಂದ್ರೆ, ವಾಂತಿ ಆದ್ರೆ ಕೂಡಲೇ ಬನ್ನಿ. ಮತ್ತೆ, ಪ್ರತಿ ಸಲವೂ ನೋಡ್ಕೋಬೇಕು. ಕಣ್ಣು ಚೆನ್ನಾಗಿದೆ ತಾನೆ?"

"ಅವರದು ಸಾಮಾನ್ಯ ಕಣ್ಣಲ್ಲ!" ಎಂದಳು ಚಂದನಾ. ಅಪಾಯವಿಲ್ಲವೆಂದು ತಿಳಿದ ಕೂಡಲೇ ಅವಳ ನಾಲಗೆಗೆ ಜೀವ ಬಂದಿತ್ತು.

ಸಂಜೆ ಟೀಚರ್ ಫೋನ್ ಮಾಡಿದರು. "ಏನಾದ್ರೂ ತಿಳೀತಾ ಚೇಟ್ಟಾ?"

"ನಾಣ್ಯ ಆಳವಾದ ಪರಿಶೀಲನೆಯಲ್ಲಿದೆ ಟೀಚರೇ," ಎಂದೆ. "ಒಳಹೊಕ್ಕು ನೋಡಬೇಕಾದ ವಿಷಯ."

ಅಡುಗೆಮನೆಯಿಂದ ಪಾತ್ರೆ ಬಿದ್ದ ಸದ್ದು ಬಂತು. ಚಂದನಾ ನಗು ತಡೆಯಲಾರದೆ ಕೈಬಿಟ್ಟಿದ್ದಳು.

ಶನಿವಾರವಿಡೀ ಬಾಳೆಹಣ್ಣು ತಿಂದೆ. ಬಚ್ಚಲಿನಿಂದ ಹೊರಬಂದಾಗಲೆಲ್ಲ ಅವಳು ಹೊಸ್ತಿಲಲ್ಲೇ ನಿಂತು ಕೇಳುವಳು: "ದೇವಿ ದರ್ಶನ ಆಯ್ತಾ?" ಆಗಿರಲಿಲ್ಲ. ಸೋಮವಾರ ಹತ್ತು ಗಂಟೆಗೆ ತಟ್ಟಾನ್ ಬರುತ್ತಾನೆ. ಕರಗಿಸಲು ನಾಣ್ಯ ಬೇಕಲ್ಲ! ಆಗ ಶಿಬುವಿಗೆ ಏನು ಹೇಳುವುದು? "ಸ್ವಲ್ಪ ಕಾಯಿರಿ, ದಾರಿಯಲ್ಲಿದೆ" ಎನ್ನುವುದೇ?

ಭಾನುವಾರ ಬೆಳಿಗ್ಗೆ ಕುಳ್ಳಿ ಬಂದಳು. ನಮ್ಮ ಬೇಲಿಯಾಚೆಯ ಗದ್ದೆಯಲ್ಲಿ ನಾಟಿ ಕೆಲಸ ಮಾಡುವ, ಅರವತ್ತು ದಾಟಿದ ಹೆಂಗಸು. ಕೆಲಸದ ನಡುವೆ ಎಲೆಯಡಿಕೆ ಹಾಕಿಕೊಳ್ಳಲು ನಮ್ಮ ಜಗಲಿಗೆ ಬರುವುದು ವಾಡಿಕೆ. ಚಂದನಾ ಫೋನಿನಲ್ಲಿದ್ದ ಚಿತ್ರ ತೋರಿಸಿದಳು.

"ಞಂಡು," ಎಂದಳು ಕುಳ್ಳಿ. ಏಡಿಗೆ ಇಲ್ಲಿ ಹಾಗನ್ನುತ್ತಾರೆ. ಆಮೇಲೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ಇದು ಹೊಳೇದು. ಕಡಲಿಂದಲ್ಲ," ಎಂದಳು.

ನನಗೆ ರೇಗಿತು. "ಅಪ್ಪಚ್ಚನ್ ಕಡಲ ಮೇಲೆ ಇದ್ದವರು ಕುಳ್ಳಿ. ನಾಣ್ಯ ಕಡಲಿಂದ ಬಂದದ್ದು. ಏಡಿ ಮಾತ್ರ ಹೊಳೇದು ಹೇಗಾಗುತ್ತೆ?"

"ನಾಣ್ಯ ಎಲ್ಲಿಂದ ಬಂತೋ ನಂಗೊತ್ತಿಲ್ಲ. ಞಂಡು ಗೊತ್ತು. ಪೇಟೆ ಮೀನಂಗಡೀಲಿ ಕಡಲ ಞಂಡು ನೋಡಿದೀನಿ. ಅದಕ್ಕೆ ಹಿಂದಿನ ಕಾಲು ದೋಣಿ ಹುಟ್ಟಿನ ಥರ ಚಪ್ಪಟೆ, ಈಜೋಕೆ. ಇದರ ಕಾಲು ನೋಡು, ಎಲ್ಲಾ ಚೂಪು. ಇದು ಕಲ್ಲಿನ ಸಂದೀಲಿ ನಡೆಯೋದು." ಅಷ್ಟು ಹೇಳಿ ಎಲೆಗೆ ಸುಣ್ಣ ಸವರತೊಡಗಿದಳು.

ಅಷ್ಟರಲ್ಲಿ ಚಂದನಾಳ ಫೋನ್ ಹೊಡೆದುಕೊಂಡಿತು. ನಿಮಿಷ! ಗುರುವಾರವೇ ಚಂದನಾ ಅವಳಿಗೆ ಕದ್ದು ಚಿತ್ರ ಕಳಿಸಿದ್ದಳಂತೆ.

"ಮಾಮಾ! ನಮ್ಮ ಸರ್‌ಗೆ ತೋರಿಸಿದೆ. ಕುರ್ಚಿಯಿಂದ ಎದ್ದುಬಿಟ್ರು! ಅದು ಗ್ರೀಕ್ ಬೆಳ್ಳಿ ನಾಣ್ಯ. ಸಿಸಿಲಿ ದ್ವೀಪದ ಅಕ್ರಗಾಸ್ ಅನ್ನೋ ಊರಿಂದು. ಸುಮಾರು ಎರಡೂವರೆ ಸಾವಿರ ವರ್ಷ ಹಳೇದು! ಕೈಯಲ್ಲಿ ಹಿಡಿದು ತೂಕ ನೋಡಿ ಆಮೇಲೆ ಖಚಿತವಾಗಿ ಹೇಳ್ತಾರಂತೆ. ಒಂದು ಬದಿ ಹದ್ದು. ಪಕ್ಕದಲ್ಲಿ ಎ, ಕೆ, ಆರ್, ಎ ಅಂತ ಇರಬೇಕು. ಊರಿನ ಹೆಸರು, ಅಕ್ರ."

"ಎ, ಆರ್, ಕೆ, ಎ ಅಲ್ವಾ?" ಎಂದೆ ಸಣ್ಣ ದನಿಯಲ್ಲಿ.

"ಅದು ಕನ್ನಡಿಯಲ್ಲಿ ಓದಿದ್ರೆ ಮಾಮಾ!"

ಕನ್ನಡಿಯಲ್ಲಿ! ಅಥವಾ ಮುದ್ದೆಯಲ್ಲಿ! ಒತ್ತಿದ ಅಚ್ಚು ಉಲ್ಟಾ ಮೂಡುತ್ತದೆ ಎಂಬುದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನನ್ನ ಸೂರ್ಯವಂಶ ಅಲ್ಲೇ ಅಸ್ತಂಗತವಾಯಿತು.

"ಮತ್ತೆ ಆ ಏಡಿ," ಎಂದಳು ನಿಮಿಷ, "ಅದು ಕಡಲಿಂದಲ್ಲವಂತೆ, ಹೊಳೆ ಏಡಿಯಂತೆ. ಆ ಊರು ಎರಡು ಹೊಳೆ ಮಧ್ಯೆ ಇತ್ತಂತೆ. ಕಾಲು ನೋಡಿ ಗುರುತು ಹಿಡೀತಾರಂತೆ."

ಚಂದನಾ ಫೋನನ್ನು ಗಟ್ಟಿಯಾಗಿ ಕೇಳುವಂತೆ ಇಟ್ಟಿದ್ದಳು. ಕುಳ್ಳಿ ನನ್ನ ಕಡೆ ನೋಡಲೂ ಇಲ್ಲ. ಎಲೆ ಬಾಯಿಗಿಟ್ಟುಕೊಂಡು, "ಹೇಳ್ಲಿಲ್ವಾ," ಎಂದು ಗದ್ದೆಗೆ ಇಳಿದಳು.

"ಮಾಮಾ, ನಾಣ್ಯನ ಜೋಪಾನವಾಗಿಡಿ," ಎಂದಳು ನಿಮಿಷ. "ಉಜ್ಜಬೇಡಿ, ಹುಳಿ ಹಾಕಬೇಡಿ. ಎಲ್ಲಿಟ್ಟಿದ್ದೀರ?"

"ಬೆಚ್ಚಗಿನ ಜಾಗದಲ್ಲಿ," ಎಂದಳು ಚಂದನಾ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ದೇವಿ ದರ್ಶನ ಕೊಟ್ಟಳು. ವಿವರ ಬೇಡ. ಬಿಸಿನೀರು ಕೇಳಿ ನಾನು ಹಾಕಿದ ಕೂಗಿಗೆ ಗದ್ದೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು ಎಂದಷ್ಟೇ ಹೇಳುತ್ತೇನೆ. ಏಳು ಸಲ ತೊಳೆದೆ. ಒಂಬತ್ತೂ ಮುಕ್ಕಾಲಿಗೆ ಇಬ್ಬರೂ ಟೀಚರ್ ಮನೆಯಲ್ಲಿದ್ದೆವು.

ಶಿಬು ಸೋಫಾದಲ್ಲಿ ತಟ್ಟಾನ್‌ಗಾಗಿ ಕಾಯುತ್ತಿದ್ದ. ಕಿಟಕಿಯ ಬಳಿ ಅವರ ತಾಯಿ, ಎಂಬತ್ತನಾಲ್ಕರ ಅಮ್ಮಚ್ಚಿ, ಜಪಮಾಲೆ ಹಿಡಿದು ಕುಳಿತಿದ್ದರು. ಗಂಡ ಹೋದಮೇಲೆ ಯಾರೊಡನೆಯೂ ಮಾತಿಲ್ಲ, ನಗುವಿಲ್ಲ ಎಂದು ಟೀಚರ್ ಹೇಳಿದ್ದರು. ನಾನು ಎದ್ದು ನಿಂತು ಗ್ರೀಕರು, ಸಿಸಿಲಿ, ಹದ್ದು, ಹೊಳೆ ಏಡಿ, ಎರಡೂವರೆ ಸಾವಿರ ವರ್ಷ ಎಲ್ಲವನ್ನೂ ವಿವರಿಸಿದೆ. ಶಿಬು ಬಾಯಿ ತೆರೆದುಕೊಂಡು ಕೇಳಿದ. ಆಮೇಲೆ ಫೋನ್ ತೆಗೆದು, "ತಟ್ಟಾನೇ, ಬರಬೇಡ. ಮಗುಗೆ ಪೇಟೆಯಿಂದ ಬೇರೆ ತರ್ತೀನಿ," ಎಂದುಬಿಟ್ಟ. ಟೀಚರ್ ನಾಣ್ಯವನ್ನು ಕೆನ್ನೆಗೆ ಒತ್ತಿಕೊಂಡರು. ನನಗೆ ತಡೆಯಬೇಕೆನಿಸಿತು, ತಡೆಯಲಿಲ್ಲ.

"ಎಷ್ಟು ಹೊಳೀತಿದೆ ಚೇಟ್ಟಾ! ಪಾಲಿಶ್ ಮಾಡಿದ್ರಾ?"

"ಹೌದು ಟೀಚರೇ," ಎಂದಳು ಚಂದನಾ. "ಸ್ವಂತ ಮಿಷನ್ನಲ್ಲಿ."

ಅಪ್ಪಚ್ಚನ್ ಕೊನೆಯ ದಿನದವರೆಗೂ ಜೋಪಾನ ಮಾಡಿದ ವಸ್ತು. ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಮುದ್ದೆಯಿಂದ ಬಚ್ಚಲಿನವರೆಗೆ ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಟೀಚರ್ ಮೆಲ್ಲಗೆ ನಾಣ್ಯವನ್ನು ಕೆನ್ನೆಯಿಂದ ತೆಗೆದರು.

ಆಗ ಕಿಟಕಿಯ ಬಳಿ ಯಾರೋ ಕೆಮ್ಮಿದಂತಾಯಿತು. ಕೆಮ್ಮಲ್ಲ, ನಗು! ಅಮ್ಮಚ್ಚಿ ಜಪಮಾಲೆಯನ್ನು ಮಡಿಲಲ್ಲಿ ಬೀಳಿಸಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಅವರೂ ಹಾಗೇ ತಂದದ್ದು!" ಎಂದರು ಕಣ್ಣೊರೆಸಿಕೊಂಡು. "ಆ ದ್ವೀಪದಲ್ಲಿ ಹಸಿದಿದ್ದ ಒಬ್ಬ ಮುದುಕ ಬೆಸ್ತನಿಗೆ ಊಟ ಹಾಕಿದ್ರಂತೆ. ಅವನು ಬಲೆಯಲ್ಲಿ ಸಿಕ್ಕಿದ್ದು ಅಂತ ಇದನ್ನ ಕೊಟ್ಟ. ಹಡಗಲ್ಲಿ ಕಳ್ಳರ ಕಾಟ. ಅದಕ್ಕೆ ಅನ್ನದ ಉಂಡೆಯಲ್ಲಿಟ್ಟು ನುಂಗಿಬಿಟ್ರು!"

"ಅಮ್ಮಚ್ಚೀ! ನಮಗೆ ಯಾಕೆ ಹೇಳಲಿಲ್ಲ?" ಎಂದು ಟೀಚರ್ ಕಿರುಚಿದರು.

"ನೀವು ಊರೆಲ್ಲಾ ಕೇಳಿದಿರಿ. ನನ್ನ ಕೇಳಿದಿರಾ?"

ನನಗೆ ಹೋದ ಜೀವ ಬಂದಂತಾಯಿತು. ಸಾಗರ ಸುತ್ತಿದ ಅಪ್ಪಚ್ಚನ್ ಎಲ್ಲಿ, ಬಸ್‌ಸ್ಟ್ಯಾಂಡಿನ ನಾನೆಲ್ಲಿ! ಆದರೂ ಒಂದು ವಿಷಯದಲ್ಲಿ ನಾವಿಬ್ಬರೂ ಸಮಾನರು! ಎದೆ ಮತ್ತೆ ಉಬ್ಬಿತು. ಅಮ್ಮಚ್ಚಿ ನನ್ನನ್ನು ಹತ್ತಿರ ಕರೆದು, ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು:

"ಎಷ್ಟು ದಿನ ಆಯ್ತು ಮೋನೇ?"

"ಮೂರು ದಿನ ಅಮ್ಮಚ್ಚಿ."

ಅಮ್ಮಚ್ಚಿ ಮರುಕದಿಂದ ನನ್ನ ಕೈ ತಟ್ಟಿದರು.

"ಅವರಿಗೆ ಮರುದಿನ ಬೆಳಿಗ್ಗೇನೇ ಬಂತು."