ಕಮಲಾಪುರದ ಶಾಲೆಯಲ್ಲಿ ನಾನು ಕೆಡಿಸಿದ ಸಮುದ್ರ

ಒಟ್ಟು ಖರ್ಚು: ಪೆಪ್ಪರಮಿಂಟು ಎರಡು ಡಬ್ಬಿ, ಅಂಗಡಿಯ ದೊಡ್ಡ ನೀಲಿ ಟಬ್ಬು ಒಂದು, ಅರ್ಧ ದಿನದ ವ್ಯಾಪಾರ. ಕಾರಣ: ಹೆಂಡತಿ ಬೇಡವೆಂದರೂ ನಾನು ಸಹಾಯ ಮಾಡಿದ್ದು.

ಅದು ತೊಂಬತ್ತರ ದಶಕ. ಕಲಬುರಗಿಯ ಸೇಡಂ ರಸ್ತೆಯಲ್ಲಿ ನನ್ನದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಫುಟ್‌ಪಾತಿನಲ್ಲಿ ಬಕೆಟ್ ಮಾರುತ್ತ ಮೇಲೆ ಬಂದವನು ನಾನು. ಜಗತ್ತಿನ ಯಾವ ಕೆಲಸವನ್ನೂ ಇನ್ನೊಬ್ಬರಿಗಿಂತ ಚೆನ್ನಾಗಿ ಮಾಡಬಲ್ಲೆ ಎಂದು ನಂಬಿದ್ದೆ. ಹೆಂಡತಿ ಶಾರದಾ ಕಮಲಾಪುರದ ಶಾಲೆಯಲ್ಲಿ ಟೀಚರ್. ಮಕ್ಕಳಿಗೆ ಕೈಯಿಂದ ಮಾಡಿಸಿ ಕಲಿಸಲು ಶನಿವಾರದ ಎರಡು ಪಿರಿಯಡ್ ಕೊಡಿ ಎಂದು ಹೆಡ್‌ಮಾಸ್ತರರ ಬೆನ್ನು ಬಿದ್ದಿದ್ದಳು. "ಒಂದು ಸಲ ಮಾಡಿ ತೋರಸ್ರಿ, ನೋಡೋಣ" ಎಂದಿದ್ದರು ಅವರು. ಕೆಟ್ಟರೆ ಮತ್ತೆ ಕಾಪಿ ಬರೆಸುವುದೇ ಗತಿ.

ಅವಳ ಪಾಠ ಸರಳ. ಟಬ್ಬು ಎಂದರೆ ಸಮುದ್ರ. ಅದರಲ್ಲಿ ಬಟ್ಟೆಚೂರಿನ ಹನ್ನೆರಡು ಮೀನು, ನಡುವೆ ಇಪ್ಪತ್ತು ಪ್ಲಾಸ್ಟಿಕ್ ಚೂರು. ಮೀನಿಗೆ ತಾಗದಂತೆ ಮಕ್ಕಳು ಜರಡಿಯಿಂದ ಕಸ ತೆಗೆಯಬೇಕು. ಆಮೇಲೆ, ಊರ ನಾಲೆಗೆ ಎಸೆದ ಚೀಲ ಭೀಮಾ, ಕೃಷ್ಣಾ ಹಿಡಿದು ಹೇಗೆ ಸಮುದ್ರ ಸೇರುತ್ತದೆಂದು ಅವಳು ಹೇಳುತ್ತಾಳೆ.

"ಬಹುಮಾನ ಇಲ್ದ ಯಾವ ಹುಡುಗ ಕೈ ತೋಯಿಸ್ಕೋತಾನ?" ಎಂದೆ, ಆ ದಿನ ಟಬ್ಬು ಹೊತ್ತು ಶಾಲೆಯ ಅಂಗಳಕ್ಕೆ ಬಂದವನು.

"ರೀ, ನೀವು ಟಬ್ಬು ಇಳಿಸಿ ಹೋಗ್ರಿ. ಇದು ಅಂಗಡಿ ಅಲ್ಲ."

ನಾನು ಹೋಗಲಿಲ್ಲ. ಅವಳು ಹೆಡ್‌ಮಾಸ್ತರರನ್ನು ಕರೆತರಲು ಹೋದ ಕೂಡಲೇ ಸಮುದ್ರದ ಆಡಳಿತವನ್ನು ವಹಿಸಿಕೊಂಡು, ಗುಟ್ಟಾಗಿ ತಂದಿದ್ದ ಎರಡು ಡಬ್ಬಿ ತೆರೆದು, "ಎರಡು ಚೂರಿಗೆ ಒಂದು ಪೆಪ್ಪರಮಿಂಟು" ಎಂದು ಘೋಷಿಸಿದೆ. ಮೂರೇ ನಿಮಿಷದಲ್ಲಿ ಸಮುದ್ರ ಸ್ವಚ್ಛ.

ಎರಡು ಜಡೆಯ ನಾಗಮ್ಮ ಮುಂದೆ ಬಂದಳು. "ಕಾಕಾ, ಇನ್ನ ತಂದ್ರ ತೊಗೋತೀರೇನ್ರಿ?"

ಮಾಲಿನ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. "ಒಣ ಕಸ ನಡಿಯಂಗಿಲ್ಲ. ನೀರಾಗಿಂದ ತೆಗೆದಿರಬೇಕು."

ಮಕ್ಕಳು ಓಡಿದರು. ಅಂಗಳ, ಬಸ್ ಸ್ಟ್ಯಾಂಡು, ಹೋಟೆಲಿನ ಹಿತ್ತಲು ಎಲ್ಲ ಗುಡಿಸಿ ಉಡಿ ತುಂಬ ತಂದು ಸಮುದ್ರಕ್ಕೆ ಹಾಕಿದರು. ಹಾಕಿದ್ದನ್ನೇ ತೆಗೆದು ನನ್ನ ಕೈಗಿಟ್ಟರು.

"ಹತ್ತು ಕೊಟ್ಟೀನ್ರಿ ಕಾಕಾ. ಮ್ಯಾಲೊಂದು ಕೊಸರು ಹಾಕ್ರಿ" ಎಂದಳು ನಾಗಮ್ಮ.

"ಕಸಕ್ಕೆಂಥ ಕೊಸರು?"

"ಬಾಳಿಹಣ್ಣ ಮಾರವ್ರು ಸುದ್ದಾ ಹಾಕ್ತಾರ್ರಿ. ನೀವು ಅಷ್ಟು ದೊಡ್ಡ ಅಂಗಡಿಯವ್ರು."

ಹಾಕಿದೆ. ಅಷ್ಟು ಚೆನ್ನಾಗಿ ಚೌಕಾಸಿ ಮಾಡುವವರಿಗೆ ನಾನು ಎಂದೂ ಇಲ್ಲ ಎಂದವನಲ್ಲ. ಎರಡನೇ ಡಬ್ಬಿಯ ತಳ ಕಂಡಾಗ ಮಾತ್ರ ದರ ಬದಲಿಸಿದೆ: ನಾಲ್ಕು ಚೂರಿಗೆ ಒಂದು. ಮಕ್ಕಳು ಜರಡಿ ಕೆಳಗಿಟ್ಟು ಕೈಕಟ್ಟಿ ಕುಳಿತರು.

"ಹಳೇ ರೇಟಿಗೆ ಬರ್ರಿ ಕಾಕಾ, ಆಮ್ಯಾಲೆ ತೆಗೀತೀವಿ. ಮಾಲು ನೀರಾಗ ಇರ್ಲಿ."

ಸಮುದ್ರದಲ್ಲಿ ಹಾಲಿನ ಪಾಕೀಟು, ಹರಿದ ಚಪ್ಪಲಿ, ಹಲ್ಲು ಮುರಿದ ಬಾಚಣಿಗೆ, ಗೊಬ್ಬರದ ಚೀಲ. ಕಚೇರಿಯ ಕೆಲಸ ಮುಗಿಸಿ ಹೆಡ್‌ಮಾಸ್ತರರು ಶಾರದಾಳ ಜೊತೆ ಬಂದದ್ದು ಆಗಲೇ. ಟಬ್ಬಿಗೆ ಬಗ್ಗಿ ನೋಡಿ, "ಟೀಚರ್, ಮೀನ ಎಲ್ಲದಾವ?" ಎಂದರು. ಶಾರದಾ ನನ್ನ ಕಡೆ ನೋಡಿದಳು. ನಾನು ಬೇವಿನ ಮರದ ಕಡೆ ನೋಡಿದೆ.

ಅವರು ನಾಗಮ್ಮನನ್ನು ಕೇಳಿದರು: "ಸಮುದ್ರಕ್ಕ ಕಸ ಯಾರು ಹಾಕ್ತಾರವ್ವಾ?"

"ಪೆಪ್ಪರಮಿಂಟ್ ಕೊಡವ್ರು ಇದ್ರ ನಾವ ಹಾಕ್ತೀವ್ರಿ ಸರ್."

ಶಾರದಾ ಟಬ್ಬಿನ ಪಕ್ಕ ಕುಳಿತಳು. "ಇರ್ಲಿ. ಈಗ ನಿಮ್ಮ ಮೀನ ಹುಡುಕ್ರಿ." ಮಕ್ಕಳು ಜರಡಿ ಎತ್ತಿದರು. ಗಂಟೆ ಬಾರಿಸುವವರೆಗೆ ಹುಡುಕಿದರೂ ಹನ್ನೆರಡರಲ್ಲಿ ಏಳೇ ಸಿಕ್ಕವು. ಒಂದು ಮೀನು ಗೊಬ್ಬರದ ಚೀಲದ ದಾರಕ್ಕೆ ಸಿಕ್ಕು ಹರಿದಿತ್ತು. ನಾಗಮ್ಮ ಅದನ್ನು ಅಂಗೈಯಲ್ಲಿ ಹಿಡಿದು ದಾರ ಬಿಡಿಸತೊಡಗಿದಳು. ಪೆಪ್ಪರಮಿಂಟು ಯಾರೂ ಕೇಳಲಿಲ್ಲ.

ಹೆಡ್‌ಮಾಸ್ತರರು ಆ ಮೀನು ನೋಡಿ ಶಾರದಾಳ ಕಡೆ ತಿರುಗಿದರು. "ಶನಿವಾರ ನಿಮ್ದು, ಟೀಚರ್. ಟಬ್ಬು ಇಲ್ಲೇ ಇರ್ಲಿ, ಯಜಮಾನ್ರನ್ನ ಮಾತ್ರ ಗೇಟಿನ ಹೊರಗ ನಿಲ್ಲಸ್ರಿ."

ಆದ್ದರಿಂದ ಓದುಗರೇ, ಮಕ್ಕಳಿಗೆ ಇಂಥ ಪಾಠ ಮಾಡಿಸುವುದಿದ್ದರೆ ಕಸಕ್ಕೆ ದರ ಕಟ್ಟಬೇಡಿ. ಕಟ್ಟಲೇಬೇಕೆಂದರೆ ಮೊದಲೇ ಪ್ರತಿ ಚೂರಿಗೂ ಬಣ್ಣದ ಗುರುತು ಹಾಕಿಡಿ. ಅಂಥದೇ ಗುರುತು ಹಾಕಲು ಮಕ್ಕಳಿಗೂ ಬರುತ್ತದೆಂಬುದು ನೆನಪಿರಲಿ. ಟಬ್ಬಿಗೆ ಅರ್ಧವೇ ನೀರು ತುಂಬಿರಿ; ಆಮೇಲೆ ಅದನ್ನು ಚೆಲ್ಲಬೇಕಾದವರು ನೀವೇ. ಗೇಟಿನ ಹೊರಗೆ ನಿಲ್ಲುವ ಪ್ರಸಂಗ ಬಂದರೆ ಎಡಗಡೆ ನಿಲ್ಲಿ. ಅಲ್ಲಿ ಹನ್ನೊಂದರವರೆಗೂ ನೆರಳಿರುತ್ತದೆ.