ಐದಕ್ಕೆ ಎರಡೇ ಅಂಕ!

"ನನ್ನ ತೃಪ್ತಿಮಾಪಕಕ್ಕೆ ಸುಳ್ಳು ಅಂದ್ರೇನು ಅಂತಾನೇ ಗೊತ್ತಿಲ್ಲ!"

ದಾವಣಗೆರೆಯ ತಮ್ಮ ಬಡಾವಣೆಯ ಸಭಾಭವನದ ವೇದಿಕೆ ಮೇಲೆ ಮರುಳಸಿದ್ದಪ್ಪ ತಾವೇ ಕಟ್ಟಿದ ಯಂತ್ರದ ಪಕ್ಕ ಎದೆಯುಬ್ಬಿಸಿ ನಿಂತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಮ್ಮನೆಯೇ? ಹಳಿಯ ಮೇಲೆ ಎದುರುಬದುರು ಎರಡು ಕುರ್ಚಿ. ಗಂಡ ಹೆಂಡತಿ ಅದರಲ್ಲಿ ಕೂತು, ಬೆಲ್ಟು ಬಿಗಿದು, ದಾಂಪತ್ಯದ ಪ್ರಶ್ನಾವಳಿಗೆ ಐದರೊಳಗೆ ಅಂಕ ಕೊಡಬೇಕು. ಗುಂಡಿ ಒತ್ತಿದರೂ ಸರಿ, ಬಾಯಲ್ಲಿ ಹೇಳಿದರೂ ಸರಿ. ಅಂಕ ಹೆಚ್ಚಾದರೆ ಕುರ್ಚಿಗಳು ಹತ್ತಿರ, ಕಡಿಮೆಯಾದರೆ ದೂರ!

ಮೊದಲ ಪ್ರಯೋಗ ಸ್ವಂತ ಹೆಂಡತಿಯ ಮೇಲೆಯೇ; ಎದುರಿನ ಕುರ್ಚಿಯಲ್ಲಿ ತಾವೇ ಬೆಲ್ಟು ಬಿಗಿದು ಕೂತರು. "ಗಂಡನೊಂದಿಗೆ ಎಷ್ಟು ಸುಖವಾಗಿದ್ದೀರಿ?" ಎಂದಿತು ಯಂತ್ರ. ಶಿವಗಂಗಮ್ಮನ ಬೆರಳು ಐದರ ಮೇಲೇ ಇತ್ತು. ಆದರೆ ಮುಂದಿನ ಸಾಲಿನಲ್ಲಿ ಪಕ್ಕದ ಮನೆ ಹಾಲಮ್ಮ! ಆಕೆ "ಸೀರೆ ಎಷ್ಟು ಚೆಂದ" ಅಂದ ದಿನವೇ ಸೀರೆ ಮೊಳೆಗೆ ಸಿಕ್ಕಿ ಹರಿದಿತ್ತು. ಆಕೆಯ ಎದುರು ಸುಖ ತೋರಿಸುವುದುಂಟೇ? ಶಿವಗಂಗಮ್ಮ ಎರಡು ಒತ್ತಿದರು.

ಪರದೆಯ ಮೇಲೆ ಗಂಡ ಐದು, ಹೆಂಡತಿ ಎರಡು ಎಂದು ಮೂಡಿತು. ಕುರ್ಚಿಗಳು ಗರ್ರನೆ ದೂರ ಸರಿಯತೊಡಗಿದವು.

"ಎರಡಾ?" ಮರುಳಸಿದ್ದಪ್ಪನ ಮುಖ ಬಿಳಿಚಿತು.

"ಮನೇಲಿ ಹೇಳ್ತೀನಿ! ಮೊದ್ಲು ನಿಲ್ಸ್ರಿ!"

"ಮೂವತ್ತೊಂದು ವರ್ಷಕ್ಕೆ ಎರಡು! ನಿಲ್ಸಲ್ಲ!"

ನಿಲ್ಲಿಸುವ ಗುಂಡಿ ಮರುಳಸಿದ್ದಪ್ಪನ ಕೈಯಲ್ಲೇ ಇತ್ತು. ಕಣ್ಣಲ್ಲಿ ನೀರು ತುಂಬಿತ್ತು. ಅವರ ಕುರ್ಚಿ ವೇದಿಕೆಯ ಅಂಚಿಗೆ ಇನ್ನು ಮೂರೇ ಅಡಿ, ಕೆಳಗೆ ಕಲ್ಲಿನ ಮೆಟ್ಟಿಲು.

"ಬೆಲ್ಟಾದ್ರೂ ಬಿಚ್ಕೊಳ್ರೀ, ಬೀಳ್ತೀರಿ!"

"ಬಿದ್ರೆ ಬೀಳ್ತೀನಿ. ನಿಂಗೇನು?"

ಶಿವಗಂಗಮ್ಮ ಮುಂದಿನ ಸಾಲಿನ ಕಡೆ ನೋಡಿದರು. ಹಾಲಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಎರಡಡಿ... ಒಂದಡಿ...

"ದೃಷ್ಟಿ ಆಗತ್ತೆ ಅಂತ ಹಂಗೆ ಒತ್ತಿದ್ದು ಕಣ್ರೀ! ನಿಮ್ಮಂಥ ಗಂಡ ಯಾರಿಗಿದ್ದಾನೆ? ಐದಲ್ಲ, ಐನೂರು!"

ಯಂತ್ರ ಅದನ್ನೂ ಕೇಳಿಸಿಕೊಂಡಿತು. ಐದರ ಲೆಕ್ಕ ಕಲಿತಿದ್ದ ಬಡಪಾಯಿ, ಐನೂರು ಅಂಕ ಸಿಕ್ಕ ಖುಷಿಗೆ ಎರಡೂ ಕುರ್ಚಿಗಳನ್ನು ಒಂದರ ಮೇಲೊಂದು ನುಗ್ಗಿಸಿತು. ಢಮಾರ್!

ಮರುದಿನ ಆಸ್ಪತ್ರೆಯಲ್ಲಿ ಮರುಳಸಿದ್ದಪ್ಪನ ಎಡಗಾಲು ಪ್ಲಾಸ್ಟರಿನಲ್ಲಿ ತೂಗುತ್ತಿತ್ತು. ಮುಖದಲ್ಲಿ ಮಾತ್ರ ಮದುಮಗನ ಕಳೆ.

"ಗಂಗಾ, ಐನೂರು ಅಂದ್ಯಲ್ಲ... ಇನ್ನೊಂದ್ಸಲ ಹೇಳೇ."

ಶಿವಗಂಗಮ್ಮ ಹಣೆಯ ಬುಗುಟು ಸವರಿಕೊಳ್ಳುತ್ತ ಬಾಗಿಲ ಕಡೆ ನೋಡಿದರು. ಬಾಳೆಹಣ್ಣು ಹಿಡಿದು ಹಾಲಮ್ಮ ಒಳಗೆ ಬರುತ್ತಿದ್ದರು.

"ಸುಮ್ನಿರ್ರೀ! ಇನ್ನೊಂದು ಕಾಲು ನೆಟ್ಟಗಿದೆ."